ಲ್ಯಾಪ್‌ಟಾಪಿನ ಅಂಗಿ

ಆ ಮನೆಯಲ್ಲಿ ಅಂಗಿ ತೊಡದ ವಸ್ತುವೇ ಇರಲಿಲ್ಲ. ರೇಡಿಯೋಗೆ ಅಂಗಿ, ಟಿ.ವಿ.ಗೆ ಅಂಗಿ, ಇಸ್ತ್ರಿಪೆಟ್ಟಿಗೆಗೆ ಅಂಗಿ, ನೀರಿನ ಫಿಲ್ಟರಿಗೆ ಸೊಂಟಪಟ್ಟಿಯಿರುವ ಉದ್ದ ಗೌನು. ಎಲ್ಲವೂ ಅತ್ತೆಯ ಕೈಕೆಲಸ. ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿದು ಹೊಲಿದೇ ಮುದುಕಿಯಾದ ಅತ್ತೆ ಕೆಲಸ ಬಿಟ್ಟರೂ ಸೂಜಿ ಬಿಡಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸೂಜಿಗೆ ದಾರ ಪೋಣಿಸುವುದಕ್ಕೆ ಮಾತ್ರ ಬೇರೆಯವರನ್ನು ಕರೆಯುತ್ತಿದ್ದಳು, ಮಿಕ್ಕಿದ್ದನ್ನೆಲ್ಲ ಬೆರಳುಗಳೇ ನೋಡಿಕೊಳ್ಳುತ್ತಿದ್ದವು. ಎದುರುಗಡೆ ಕಲ್ಲು ಕೊಯ್ಯುವ ಅಂಗಡಿ ಬಂದು, ಕಿಟಕಿ ತೆಗೆದರೆ ಸಾಕು ಬಿಳಿ ಧೂಳು ಒಳಗೆ ಬಂದು ಕೂರತೊಡಗಿದ ಮೇಲಂತೂ ಅವಳಿಗೆ ಬಿಡುವೇ ಇರಲಿಲ್ಲ.

ಲ್ಯಾಪ್‌ಟಾಪಿನ ಅಂಗಿ ಅವಳು ಹೊಲಿದದ್ದರಲ್ಲೇ ದೊಡ್ಡದು. ಮಗನ ಹಳೆಯ ಕಾರ್ಡುರಾಯ್ ಪ್ಯಾಂಟನ್ನು ಬಿಚ್ಚಿ, ಒಳಗೆ ಹರಿದ ರಜಾಯಿಯ ಹತ್ತಿ ತುಂಬಿ, ಅಡಿಗೂ ಪಕ್ಕಕ್ಕೂ ಬಿಗಿಯಾಗಿ ಕೂರುವಂತೆ ಅಳತೆ ತೆಗೆದು ಹೊಲಿದಿದ್ದಳು. ತೆರೆ ಮತ್ತು ಕೀಲಿಮಣೆ ಮಾತ್ರ ಹೊರಗೆ. ವೈರು ಚುಚ್ಚುವ ಕಡೆ ಒಂದು ಕಾಜ ಬೇರೆ. ಅಭ್ಯಾಸಬಲದಿಂದ ಹಿಂದುಗಡೆ ಒಂದು ಸಣ್ಣ ಕಾಲರನ್ನೂ ಇಟ್ಟಿದ್ದಳು.

"ನೋಡು, ಪಕ್ಕದಲ್ಲಿ ಸಣ್ಣ ಸಣ್ಣ ಸೀಳು ಬಿಟ್ಟಿದಾರೆ, ಅಡೀಲೂ ಬಿಟ್ಟಿದಾರೆ," ಎಂದು ಬೆರಳಿನಿಂದ ತಡವಿ ತೋರಿಸಿದ್ದಳು. "ಧೂಳು ನುಗ್ಗೋದೇ ಇಲ್ಲಿಂದ. ಇಷ್ಟ್ ದೊಡ್ಡ ಕಂಪನಿಯವ್ರಿಗೆ ಅಷ್ಟೂ ಬುದ್ಧಿ ಬೇಡ್ವಾ? ಅಲ್ಲೆಲ್ಲ ನಾನು ಡಬಲ್ ಹತ್ತಿ ಹಾಕಿದೀನಿ."

ಎಲ್ಲರೂ ಹೊಗಳಿದರು. ಮೊಮ್ಮಗಳು ಕಾಲರಿಗೆ ಕಾಗದದ ಟೈ ಕತ್ತರಿಸಿ ಅಂಟಿಸಿದಳು. ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ಡಾಕ್ಟರಮ್ಮ.

ಡಾಕ್ಟರಮ್ಮ ಎಂದರೆ ಆ ಮನೆಯ ಸೊಸೆ. ಹೆಸರು ಕೇಳಿ ಮೋಸಹೋಗಬೇಡಿ, ಓದಿದ್ದು ಟೈಪಿಂಗು. ದೂರದ ಯಾವುದೋ ಆಸ್ಪತ್ರೆಯ ವೈದ್ಯರು ರೋಗಿಗಳ ವಿಚಾರ ಮಾತಾಡಿ ಕಳಿಸುತ್ತಿದ್ದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದನ್ನು ವರದಿಯಾಗಿ ಬೆರಳಚ್ಚು ಮಾಡಿ ಹೇಳಿದ ಹೊತ್ತಿಗೆ ವಾಪಸು ಕಳಿಸುವುದು ಅವಳ ಕೆಲಸ. ಗಂಡ ತಮಾಷೆಗೆ ಇಟ್ಟ ಹೆಸರು ಬೀದಿಗೆಲ್ಲ ಹಬ್ಬಿ, ಪಕ್ಕದ ಮನೆಯ ಮುದುಕ ಮಂಡಿನೋವಿಗೆ ಏನು ಮಾತ್ರೆ ಅಂತ ಬಂದು ಕೇಳುವಷ್ಟು ಗಟ್ಟಿಯಾಗಿತ್ತು. ಗಂಡ ಬೇಕರಿಯ ವ್ಯಾನ್ ಓಡಿಸುತ್ತಿದ್ದ. ಬೇಕರಿಯವರು ವ್ಯಾನಿನ ಸುತ್ತುಗಳನ್ನು ಅರ್ಧಕ್ಕಿಳಿಸಿದ ಮೇಲೆ ಮನೆಬಾಡಿಗೆ ಹೋಗುತ್ತಿದ್ದದ್ದು ಡಾಕ್ಟರಮ್ಮನ ಬೆರಳುಗಳಿಂದ. ಅವನಿಂದ ಸಿಗುತ್ತಿದ್ದದ್ದು ಮಾರಾಟವಾಗದೆ ಉಳಿದ ನಿನ್ನೆಯ ಬ್ರೆಡ್ಡು.

ಲ್ಯಾಪ್‌ಟಾಪು ಮಾತ್ರ ಒಂದೇ, ಅದೂ ಇನ್ನೊಬ್ಬರು ಬಳಸಿ ಬಿಟ್ಟದ್ದು. ಬೆಳಿಗ್ಗೆ ಕಾಲೇಜಿಗೆ ಹೋಗುವ ಮೊದಲು ಮತ್ತು ಸಂಜೆ ಊಟದವರೆಗೆ ಮಗಳದ್ದು, ನಡುವಿನ ಹಗಲೆಲ್ಲ ತಾಯಿಯದ್ದು. ಮಗಳು ಕಟ್ಟಡದ ನಕ್ಷೆ ಬರೆಯುವ ಡಿಪ್ಲೊಮಾ ಓದುತ್ತಿದ್ದಳು, ಕೊನೆಯ ವರ್ಷ. ಉದ್ದಕ್ಕೆ ಸಣ್ಣಗೆ ಇದ್ದಿದ್ದಕ್ಕೂ ಗೆರೆ ಎಳೆಯುವ ಓದಿಗೂ ಸೇರಿಸಿ ಅಪ್ಪ ಅವಳನ್ನು ಸ್ಕೇಲು ಎಂದು ಕರೆಯುತ್ತಿದ್ದ.

ಅಂಗಿ ಬಂದು ಸ್ವಲ್ಪ ದಿನಕ್ಕೆ ಲ್ಯಾಪ್‌ಟಾಪು ಕಾಲೆಳೆಯತೊಡಗಿತು. ಬೆಳಿಗ್ಗೆ ಕೂತಾಗ ಸರಿಯಾಗಿಯೇ ಇರುತ್ತಿತ್ತು. ಕೆಲಸ ಹಿಡಿತಕ್ಕೆ ಸಿಕ್ಕಿತು ಅನ್ನುವಷ್ಟರಲ್ಲಿ ಬುಸುಗುಡತೊಡಗಿ, ಆಮೇಲೆ ಒತ್ತಿದ ಅಕ್ಷರ ತೆರೆಯ ಮೇಲೆ ಮೂಡುವಷ್ಟರಲ್ಲಿ ಒಂದು ಗುಟುಕು ಟೀ ಕುಡಿದು ಕಪ್ಪು ಕೆಳಗಿಡಬಹುದಿತ್ತು. ವೈದ್ಯರು ಕಿವಿಯಲ್ಲಿ ಗುಂಡಿಗೆಗೆ ತಲುಪಿದ್ದರೆ ಅವಳು ಇನ್ನೂ ಗಂಟಲಲ್ಲೇ ಇರುತ್ತಿದ್ದಳು. ಆಫ್ ಮಾಡಿ ಆನ್ ಮಾಡಿದಳು. ಬೇಡದ್ದನ್ನೆಲ್ಲ ಅಳಿಸಿದಳು. ವೈರಸ್ಸು ಇದೆಯಾ ಅಂತ ಹುಡುಕಿಸಿದಳು. ಗಂಡ ಬಂದು ಎರಡು ಏಟು ಹಾಕಿ ನೋಡಿದ, ಅವನ ವ್ಯಾನಿಗೆ ಅದೇ ಮದ್ದು.

ಒಂದು ಮಧ್ಯಾಹ್ನ ಮೇಲ್ವಿಚಾರಕಿಯ ಫೋನು ಬಂತು. ದನಿಯಲ್ಲಿ ಸಕ್ಕರೆ ಇತ್ತು, ಮಾತಿನಲ್ಲಿ ಇರಲಿಲ್ಲ.

"ನಿಮ್ ಕೆಲಸದಲ್ಲಿ ತಪ್ಪೇ ಇರಲ್ಲ, ನಂಗೊತ್ತು. ಆದ್ರೆ ತಪ್ಪಿಲ್ದೇ ಇರೋದು ತಡವಾಗಿ ಬಂದ್ರೆ ನಾನೇನ್ ಮಾಡ್ಲಿ ಹೇಳಿ? ಅಲ್ಲಿ ಆಪರೇಷನ್ ವರದಿಗೆ ಕಾಯ್ತಾ ಕೂತಿದ್ರು."

"ಲ್ಯಾಪ್‌ಟಾಪ್ ಸ್ವಲ್ಪ..."

"ಹೋದ್ಸಲಾನೂ ಅದನ್ನೇ ಹೇಳಿದ್ರಿ. ಇನ್ನೊಂದ್ಸಲ ಹೀಗಾದ್ರೆ ನಿಮ್ ಫೈಲುಗಳನ್ನ ಬೇರೆಯವ್ರಿಗೆ ಕೊಡ್ಬೇಕಾಗತ್ತೆ. ಬೇಜಾರು ಮಾಡ್ಕೋಬೇಡಿ."

ಡಾಕ್ಟರಮ್ಮ ಫೋನು ಕೆಳಗಿಟ್ಟಳು. ಈ ಕೆಲಸ ಹೋದರೆ ಇನ್ನೊಂದು ಸಿಗುವ ವಯಸ್ಸಲ್ಲ ಅವಳದು. ಬಾಡಿಗೆಯ ಮಾತು ಹಾಗಿರಲಿ, ಮನೆಯಲ್ಲಿ ಅವಳ ಮಾತಿಗೆ ಒಂದು ತೂಕ ಬಂದದ್ದೇ ಈ ಕೆಲಸದಿಂದ. ಸಿಟ್ಟು ಯಾರ ಮೇಲೆ ತೋರಿಸುವುದು ಎಂದು ತಿಳಿಯದೆ ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ತೋರಿಸಿದಳು.

ಪತ್ತೇದಾರಿಕೆ ಶುರುವಾದದ್ದು ಆಮೇಲೆ. ಅವಳು ಗಮನಿಸಿದ್ದು ಒಂದೇ ವಿಷಯ, ಆದರೆ ಒಮ್ಮೆ ಕಂಡ ಮೇಲೆ ಅದು ಕಣ್ಣಿಂದ ಮರೆಯಾಗಲೇ ಇಲ್ಲ. ಶನಿವಾರ ಮತ್ತು ಭಾನುವಾರ ಲ್ಯಾಪ್‌ಟಾಪು ಕುದುರೆಯಂತೆ ಓಡುತ್ತಿತ್ತು. ಸೋಮವಾರದಿಂದ ಮತ್ತೆ ಅದೇ ರಾಗ. ಶನಿವಾರ ಬೆಳಿಗ್ಗೆ ಮಗಳು ಚಿಕ್ಕಮ್ಮನ ಹೂವಿನ ಅಂಗಡಿಗೆ ಸಹಾಯಕ್ಕೆ ಹೋಗುತ್ತಿದ್ದಳು, ರಾತ್ರಿ ಅಲ್ಲೇ ಮಲಗಿ ಭಾನುವಾರ ಸಂಜೆ ವಾಪಸು. ಮಗಳು ಮನೆಯಲ್ಲಿಲ್ಲದಿದ್ದರೆ ಲ್ಯಾಪ್‌ಟಾಪಿಗೆ ಆರೋಗ್ಯ, ಇದ್ದರೆ ಕಾಯಿಲೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಪ್ರತಿ ಶನಿವಾರ ಬೆಳಿಗ್ಗೆಯೇ ಅತ್ತೆ ಮನೆಯ ಅಂಗಿಗಳನ್ನೆಲ್ಲ ಬಿಚ್ಚಿ ಒಗೆದು ಹಾಕುತ್ತಿದ್ದಳು. ಲ್ಯಾಪ್‌ಟಾಪಿನದು ದಪ್ಪ, ಒಣಗಲು ಎರಡು ದಿನ ಹಿಡಿಯುತ್ತಿತ್ತು. ಆದರೆ ತಂತಿಯ ಮೇಲೆ ನೇತಾಡುವ ಬಟ್ಟೆಯನ್ನು ಯಾರು ಅನುಮಾನದಿಂದ ನೋಡುತ್ತಾರೆ?

ಸೋಮವಾರ ರಾತ್ರಿ ಊಟಕ್ಕೆ ಕೂತಾಗ ಡಾಕ್ಟರಮ್ಮ ಮಾತು ತೆಗೆದಳು. ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಬ್ರೆಡ್ಡು.

"ಏನ್ ಹಾಕಿದೀಯ ಅದ್ರೊಳಗೆ?"

ಮಗಳು ತಲೆಯೆತ್ತಿದಳು. "ಯಾವುದ್ರೊಳಗೆ?"

"ನೀನಿಲ್ದಿದ್ರೆ ಚೆನ್ನಾಗ್ ಓಡತ್ತೆ. ನೀನ್ ಬಂದ್ರೆ ಮಲಗತ್ತೆ. ಸಿನಿಮಾನಾ, ಆಟಾನಾ, ಏನದು?"

"ಅಮ್ಮಾ, ನಾನು ನಕ್ಷೆ ಬಿಟ್ಟು ಬೇರೇನೂ ತೆಗಿಯಲ್ಲ. ನಂಗೂ ಹಾಗೇ ಸಿಕ್ಕಾಕೊಳತ್ತೆ. ಹಳೇದಾಗಿದೆ ಅದು."

"ಹಳೇದು ಅನ್ನೋದು ವಾರದಲ್ಲಿ ಐದು ದಿನ ಮಾತ್ರಾನಾ?"

ಗಂಡ ಮಧ್ಯೆ ಬಾಯಿ ಹಾಕಿದ. "ಇವತ್ತಿನ ಬ್ರೆಡ್ ಇವತ್ತೇ ತಂದಿದೀನಿ, ಅಪರೂಪಕ್ಕೆ. ಬಿಸಿ ಇದ್ದಾಗ್ಲೇ ತಿನ್ರಿ."

"ನೀವು ಸುಮ್ನಿರಿ. ನನ್ ಕೆಲಸ ಹೋದ್ರೆ ದಿನಾ ಅದನ್ನೇ ತಿನ್ನೋದು."

"ಮಗು ಸುಳ್ಳು ಹೇಳಲ್ಲ ಕಣೇ," ಎಂದಳು ಅತ್ತೆ, ತಟ್ಟೆಯಲ್ಲಿ ಆಲೂಗಡ್ಡೆ ಎಲ್ಲಿದೆಯೆಂದು ಬೆರಳಲ್ಲಿ ಹುಡುಕುತ್ತ.

"ನಿಮಗೇನ್ ಗೊತ್ತಾಗತ್ತೆ ಅತ್ತೆ? ನಿಮಗೆ ಕಾಣಿಸೋದೇ ಇಲ್ಲ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅತ್ತೆ ಕೈ ತೊಳೆಯಲು ಎದ್ದಳು. ಮಗಳು ಅಜ್ಜಿಯ ತೋಳು ಹಿಡಿದುಕೊಂಡು ಹೋದಳು, ತಾಯಿಯ ಕಡೆ ತಿರುಗಿಯೂ ನೋಡಲಿಲ್ಲ. ಆ ನೋಡದೇ ಇದ್ದದ್ದು ಡಾಕ್ಟರಮ್ಮನಿಗೆ ತಪ್ಪೊಪ್ಪಿಗೆಯಂತೆಯೇ ಕಂಡಿತು.

ಮರುದಿನ ಅವಳು ಲ್ಯಾಪ್‌ಟಾಪಿಗೆ ಹೊಸ ಪಾಸ್‌ವರ್ಡ್ ಹಾಕಿದಳು. ಒಂದು ಪದ ಕೊಡು ಎಂದು ತೆರೆ ಕೇಳಿತು. ಬೆಳಗಿನಿಂದ ಬಾಯೊಳಗೆ ಒಂದು ಪದ ಉರಿಯುತ್ತಿತ್ತು, ಅದನ್ನೇ ಒತ್ತಿದಳು. ಕಳ್ಳಿ. ಖಚಿತಪಡಿಸು ಎಂದು ತೆರೆ ಮತ್ತೆ ಕೇಳಿತು. ಮತ್ತೊಮ್ಮೆ ಒತ್ತಿದಳು. ಏನೋ ಒಂದು ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಬೇಕು.

ಸಂಜೆ ಮಗಳು ಬೀಗ ಬಿದ್ದ ತೆರೆಯ ಮುಂದೆ ನಿಂತಳು.

"ಇದೇನಿದು?"

"ನಿಂಗೆ ಬೇಕಾದಾಗ ನಾನೇ ತೆಗೆದು ಕೊಡ್ತೀನಿ. ಇಲ್ಲೇ, ನನ್ನೆದುರಿಗೆ ಕೂತು ಮಾಡು."

"ನಾನೇನ್ ಚಿಕ್ಕ ಮಗೂನಾ?"

"ಚಿಕ್ಕವಳಾಗಿದ್ರೆ ಎರಡು ಏಟು ಕೊಟ್ಟು ಬಿಡ್ತಿದ್ದೆ."

ವಾರವೆಲ್ಲ ಹಾಗೇ ನಡೆಯಿತು. ಮಗಳು ಬೆನ್ನು ನೆಟ್ಟಗೆ ಮಾಡಿ ಕೂತು ಗೆರೆ ಎಳೆಯುತ್ತಿದ್ದಳು, ತಾಯಿ ಬಟಾಣಿ ಸುಲಿಯುವ ನೆಪದಲ್ಲಿ ಎದುರಿಗೆ ಕೂತಿರುತ್ತಿದ್ದಳು. ತೆರೆಯ ಮೇಲೆ ಹಸಿರು ಬಿಳಿ ಗೆರೆಗಳು ಬಿಟ್ಟರೆ ಏನೂ ಕಾಣಿಸಲಿಲ್ಲ. ಆದರೂ ಲ್ಯಾಪ್‌ಟಾಪು ಸರಿಹೋಗಲಿಲ್ಲ. ಮೊದಲೇ ಏನೋ ತುಂಬಿಟ್ಟಿದ್ದಾಳೆ, ಈಗ ನನ್ನೆದುರು ನಾಟಕ ಆಡುತ್ತಿದ್ದಾಳೆ ಎಂದು ಡಾಕ್ಟರಮ್ಮ ತೀರ್ಮಾನಿಸಿದಳು. ಅನುಮಾನ ಒಂದು ಸಲ ಮನೆಯೊಳಗೆ ಬಂದರೆ ಅದಕ್ಕೆ ಊಟಕ್ಕೇನೂ ಕಡಿಮೆಯಾಗುವುದಿಲ್ಲ.

ಶುಕ್ರವಾರ ರಿಪೇರಿ ಅಂಗಡಿಗೆ ಹೊರಟಳು. ಅತ್ತೆ ಬಾಗಿಲಲ್ಲೇ ತಡೆದು ಅಂಗಿ ಬಿಚ್ಚಿಸಿಕೊಂಡಳು. "ಆ ಎಣ್ಣೆ ಕೈಯೋನು ಮುಟ್ಟೋದಕ್ಕಲ್ಲ ನಾನು ಹೊಲಿದಿದ್ದು. ಇಲ್ಲೇ ಬಿಟ್ಹೋಗು."

ರಿಪೇರಿಯವನು ಸ್ಕ್ರೂಡ್ರೈವರಿನಿಂದ ಕಿವಿ ಕೆರೆದುಕೊಳ್ಳುತ್ತ ಲ್ಯಾಪ್‌ಟಾಪನ್ನು ತನ್ನ ಬರಿಯ ಮೇಜಿನ ಮೇಲಿಟ್ಟ. ಬಿಚ್ಚಿ ಧೂಳು ಊದಿದ, ಅಷ್ಟೇನೂ ಇರಲಿಲ್ಲ. ಒಟ್ಟಿಗೆ ಹತ್ತಾರು ಕೆಲಸ ಹಚ್ಚಿ, ಎರಡು ಸಲ ಟೀ ತರಿಸಿ ಕುಡಿದ. ಲ್ಯಾಪ್‌ಟಾಪು ಉಸಿರೆತ್ತದೆ ಎಲ್ಲವನ್ನೂ ಮಾಡಿತು.

"ಏನೂ ಕಾಯಿಲೆ ಇಲ್ವಲ್ಲಮ್ಮ. ನನ್ನದಕ್ಕಿಂತ ಚೆನ್ನಾಗಿದೆ."

"ಹಾಗಾದ್ರೆ ಮನೇಲಿ ಯಾಕೆ ಹಾಗಾಡತ್ತೆ?"

"ಮನೇಲಿ ಯಾರಾದ್ರೂ ಭಾರದ್ದು ತುಂಬ್ತಿರ್ಬೇಕು." ಒಂದಿಷ್ಟು ಹುಡುಕಿ ಒಂದು ಫೋಲ್ಡರಿನ ಮೇಲೆ ಬೆರಳಿಟ್ಟ. "ಇದು ನೋಡಿ. ನಿಮ್ದಾ?"

"ನನ್ದಲ್ಲ. ಮಗಳದು."

"ಇದೇ ಜಾಗ ತಿಂತಿರೋದು. ಇದಕ್ಕೇ ಅಂತ ಗ್ಯಾರಂಟಿ ಹೇಳಲ್ಲ, ಆದ್ರೆ ತೆಗೆದ್ರೆ ಹಗುರ ಆಗತ್ತೆ. ಅವ್ಳನ್ನ ಒಂದ್ ಮಾತು ಕೇಳ್ಬಿಡಿ."

ಫೋಲ್ಡರಿನ ಹೆಸರು ಒಂದಿಷ್ಟು ಅಂಕೆಗಳು, ಅಡ್ಡಗೆರೆಗಳು. ತೆಗೆದು ನೋಡಬಹುದಿತ್ತು. ಮಗಳಿಗೆ ಫೋನು ಮಾಡಬಹುದಿತ್ತು, ಫೋನು ಕೈಯಲ್ಲೇ ಇತ್ತು.

"ತೆಗೀರಿ," ಎಂದಳು. "ಪೂರ್ತಿ. ಕಸದ ಬುಟ್ಟೀಲೂ ಇರಬಾರದು."

ಅದು ಮನೆಗೆ ಬರುವಷ್ಟರಲ್ಲಿ ಊಟದ ಹೊತ್ತಾಗಿತ್ತು, ಬೆಳಗಾದರೆ ಮಗಳು ಹೂವಿನ ಅಂಗಡಿಗೆ ಹೋದಳು. ಶನಿವಾರ, ಭಾನುವಾರ ಲ್ಯಾಪ್‌ಟಾಪು ಹಾರಿಕೊಂಡು ಓಡಿತು. ಅಂಗಿ ತಂತಿಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಡಾಕ್ಟರಮ್ಮ ಹೊತ್ತಿಗೆ ಮುಂಚೆಯೇ ಫೈಲು ಕಳಿಸಿ, ಗಂಡನಿಗೆ ಹೇಳಿದಳು: "ನೋಡಿದ್ರಾ? ನಾನ್ ಹೇಳ್ಲಿಲ್ವಾ?" ಬಹಳ ದಿನದ ಮೇಲೆ ಹಾಡು ಗುನುಗುತ್ತ ಬಟ್ಟೆ ಮಡಿಚಿದಳು.

ಭಾನುವಾರ ಸಂಜೆ ಮಗಳು ಬಂದಳು, ಬೆರಳಿಗೆಲ್ಲ ಗುಲಾಬಿ ಮುಳ್ಳಿನ ಗೀರು. ತಾಯಿ ಬೀಗ ತೆಗೆದು ಕೊಟ್ಟಳು. ಮಗಳು ಕೂತಳು, ಹುಡುಕಿದಳು, ಮತ್ತೆ ಹುಡುಕಿದಳು.

"ಅಮ್ಮಾ, ನನ್ನ ಮನೆ ಎಲ್ಲಿ?"

"ಏನ್ ಮನೆ?"

"ನನ್ನ ಕೊನೇ ಪ್ರಾಜೆಕ್ಟು. ನಾನು ಬರೀತಿದ್ದ ಮನೆ. ಇಲ್ಲಿ ಇತ್ತಲ್ಲ?"

ಅಡುಗೆಮನೆಯಲ್ಲಿ ಹಾಲು ಉಕ್ಕುವ ಸದ್ದಾಯಿತು. ಯಾರೂ ಏಳಲಿಲ್ಲ.

"ಅಂಗಡಿಯವ್ನು ಹೇಳ್ದ... ಅದು ಭಾರ ಅಂತ..."

"ತೆಗೆಸಿದ್ಯಾ?"

ಡಾಕ್ಟರಮ್ಮ ಹೌದೆಂದು ತಲೆಯಾಡಿಸಿದಳು.

"ಅದನ್ನ ತೆರೆದೂ ನೋಡ್ಲಿಲ್ವಾ? ದಿನಾ ಎದುರಿಗೆ ಕೂತಿದ್ಯಲ್ಲ ಅಮ್ಮಾ, ನಾನು ಏನ್ ಬರೀತಿದೀನಿ ಅಂತ ಒಂದಿನಾನೂ ನೋಡ್ಲಿಲ್ವಾ?"

ಗಂಡ ಒಳಗಿನಿಂದ ಬಂದ. "ಸ್ಕೇಲು, ಕಾಲೇಜಲ್ಲಿ ಇನ್ನೊಂದು ಇರಬೇಕಲ್ಲಮ್ಮ?"

"ಹಳೇದಿದೆ ಅಪ್ಪ. ಅದ್ರಲ್ಲಿ ಬರೀ ಗೋಡೆ ಇದೆ. ಬಾಗಿಲಿಲ್ಲ, ಕಿಟಕಿಯಿಲ್ಲ, ಅಜ್ಜಿ ರೂಮಿಲ್ಲ."

ಅತ್ತೆ ಮಂಚದಿಂದಲೇ ಕೂಗಿದಳು. "ನನ್ನ ಕೇಳಿ ಕೇಳಿ ಬರೆದಿತ್ತು ಮಗು! ಕಣ್ ಕಾಣ್ದಿರೋಳಿಗೆ ಬಚ್ಚಲು ಎಷ್ಟು ಹತ್ರ ಇರಬೇಕು ಅಂತ ಹೆಜ್ಜೆ ಹಾಕಿ ನೋಡಿತ್ತು. ಏನ್ ಮಾಡ್ಬಿಟ್ಯೇ ಪಾಪಿ?"

ಮಗಳು ಅರಚಲಿಲ್ಲ, ಅಳಲೂ ಇಲ್ಲ. ಅತ್ತಿದ್ದರೆ ತಾಯಿ ಹತ್ತಿರ ಹೋಗಿ ತಲೆ ಮುಟ್ಟುತ್ತಿದ್ದಳೋ ಏನೋ. ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡು, "ಚಿಕ್ಕಮ್ಮನ ಹತ್ರ ಇರ್ತೀನಿ, ಕಾಲೇಜಿಗೆ ಹತ್ರ," ಎಂದಷ್ಟೇ ಹೇಳಿ ಹೊರಟಳು. ಅಪ್ಪ ವ್ಯಾನಿನಲ್ಲಿ ಬಿಡಲು ಹೋದ. ಡಾಕ್ಟರಮ್ಮ ಉಕ್ಕಿದ ಹಾಲು ಒರೆಸಿದಳು. ತಪ್ಪಾಯಿತು ಎಂದು ಅನ್ನಿಸಿತು, ಆದರೂ ಲ್ಯಾಪ್‌ಟಾಪು ಸರಿಹೋಯಿತಲ್ಲ ಎಂಬ ಒಂದೇ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡಳು.

ಆ ಹಗ್ಗ ಸೋಮವಾರ ಮಧ್ಯಾಹ್ನವೇ ಕಡಿಯಿತು. ಬೆಳಿಗ್ಗೆ ಅತ್ತೆ ಒಣಗಿದ ಅಂಗಿ ತೊಡಿಸಿ ಗುಂಡಿ ಹಾಕಿದ್ದಳು. ಹೊತ್ತು ಏರುವಷ್ಟರಲ್ಲಿ ಲ್ಯಾಪ್‌ಟಾಪು ಬುಸುಗುಟ್ಟಿತು, ಅಕ್ಷರಗಳು ನಿಂತವು. ಮಗಳು ಮನೆಯಲ್ಲಿಲ್ಲ. ಮಗಳ ಒಂದು ಗೆರೆಯೂ ಅದರೊಳಗಿಲ್ಲ. ಡಾಕ್ಟರಮ್ಮ ಹೆಡ್‌ಫೋನ್ ತೆಗೆದಿಟ್ಟಳು.

ಯಾರಿಗೂ ಹೇಳಲಿಲ್ಲ. ಗಂಡ ಬಂದು, "ಈಗ ಸರಿಯಾಗಿ ಓಡ್ತಿದೆಯಲ್ಲ?" ಎಂದಾಗ, "ಹ್ಞೂಂ, ಚೆನ್ನಾಗಿದೆ," ಎಂದು ತಟ್ಟೆಗೆ ಬಡಿಸಿದಳು. ಅವನು ಊಟ ಮಾಡುತ್ತ ಅವಳ ಮುಖವನ್ನೇ ನೋಡಿದ. ಕೆಲಸಕ್ಕೆ ಕೂತಾಗಲೆಲ್ಲ ಅವಳ ಬೆರಳುಗಳು ಕಳ್ಳಿ ಎಂದು ಒತ್ತುತ್ತಿದ್ದವು. ಸೋಮವಾರದ ನಂತರ ಒಂದೆರಡು ಸಲ ಆ ಪದ ಎದೆಗೆ ಚುಚ್ಚಿತು. ಬದಲಾಯಿಸಬೇಕು ಎಂದುಕೊಳ್ಳುವಷ್ಟರಲ್ಲಿ ಫೈಲು ಬಂದಿರುತ್ತಿತ್ತು. ವಾರದಿಂದ ಒತ್ತಿ ಒತ್ತಿ ಅಭ್ಯಾಸವಾಗಿದ್ದರಿಂದ, ಏನು ಒತ್ತುತ್ತಿದ್ದೇನೆಂಬ ಗಮನವೂ ಹೋಯಿತು.

ಮಂಗಳವಾರ ಮೇಲ್ವಿಚಾರಕಿ ಮತ್ತೆ ಫೋನು ಮಾಡಿದಳು. ಒಬ್ಬಳು ಹೆರಿಗೆಗೆ ಹೋಗಿದ್ದಾಳೆ, ಗುರುವಾರದಿಂದ ಅವಳ ಫೈಲುಗಳೂ ಬರುತ್ತವೆ. "ಇದನ್ನ ಹೊತ್ತಿಗೆ ಸರಿಯಾಗಿ ಮುಗಿಸಿಕೊಟ್ರೆ ಹಿಂದಿಂದೆಲ್ಲ ಮರ್ತುಬಿಡ್ತೀನಿ. ಇದು ನಿಮಗೆ ಕೊನೇ ಅವಕಾಶ ಅಂತ್ಲೇ ಇಟ್ಕೊಳ್ಳಿ."

ಬುಧವಾರ ಬೆಳಿಗ್ಗೆ ಅತ್ತೆಯ ಕೈ ತಾಗಿ ಟೀ ಲೋಟ ಅಂಗಿಯ ಮೇಲೆ ಉರುಳಿತು. ಲ್ಯಾಪ್‌ಟಾಪಿಗೆ ಒಂದು ಹನಿಯೂ ಬೀಳಲಿಲ್ಲ, ಎಲ್ಲವನ್ನೂ ಹತ್ತಿಯೇ ಕುಡಿದುಬಿಟ್ಟಿತ್ತು. "ನೋಡಿದ್ಯಾ, ಹೇಗೆ ಕಾಪಾಡ್ತು!" ಎಂದು ಅತ್ತೆ ಹೆಮ್ಮೆಯಿಂದ ಅಂಗಿ ಬಿಚ್ಚಿ ಒಗೆದು ತಂತಿಗೆ ಹಾಕಿದಳು.

ಮಧ್ಯಾಹ್ನವಾಯಿತು. ಲ್ಯಾಪ್‌ಟಾಪು ನಿಲ್ಲಲಿಲ್ಲ. ವೈದ್ಯರು ಮಾತಾಡಿದಷ್ಟೂ ಅಕ್ಷರಗಳು ಬಂದವು. ಡಾಕ್ಟರಮ್ಮ ಅಭ್ಯಾಸದಂತೆ ಮಗಳ ಕುರ್ಚಿಯ ಕಡೆ ನೋಡಿದಳು. ಇವತ್ತು ಬುಧವಾರ. ಮಗಳು ಇಲ್ಲದ್ದು ನಿನ್ನೆಯೂ ನಿಜ, ಮೊನ್ನೆಯೂ ನಿಜ. ಹಾಗಾದರೆ ಇವತ್ತು ಏನು ಬದಲಾಯಿತು? ಕಿಟಕಿಯ ಆಚೆ ಗಾಳಿಗೆ ಅಂಗಿ ತಿರುಗುತ್ತಿತ್ತು, ಕಾಲರು ಮೇಲೆದ್ದುಕೊಂಡು.

ಅವಳು ಎದ್ದು ಲ್ಯಾಪ್‌ಟಾಪಿನ ಪಕ್ಕಕ್ಕೆ ಅಂಗೈ ಹಿಡಿದಳು. ಸೀಳುಗಳಿಂದ ಬಿಸಿ ಗಾಳಿ ಹೊರಗೆ ಬರುತ್ತಿತ್ತು. ಒಳಗೆ ನುಗ್ಗುವ ಧೂಳಿನ ದಾರಿಯಲ್ಲ ಅದು, ಹೊರಗೆ ಬರುವ ಉಸಿರಿನ ದಾರಿ.

ಇನ್ನೂ ಅನುಮಾನ ತೀರಲಿಲ್ಲ, ಅಥವಾ ತೀರುವುದು ಅವಳಿಗೆ ಬೇಕಿರಲಿಲ್ಲ. ಮಂಚದ ಮೇಲಿದ್ದ ಒಂದು ರಜಾಯಿ ತಂದು, ಅಂಗಿ ಕೂರುವಂತೆಯೇ ಅಡಿಗೂ ಪಕ್ಕಕ್ಕೂ ಸುತ್ತಿದಳು. ಅಡುಗೆಗೆ ಬೇಳೆ ಇಟ್ಟು ಬಂದು ಟೈಪು ಮಾಡಿದಳು. ಬೇಳೆ ಬೇಯುವಷ್ಟರಲ್ಲಿ ಲ್ಯಾಪ್‌ಟಾಪು ಕಾಲೆಳೆಯಿತು. ರಜಾಯಿ ತೆಗೆದಳು. ಸ್ವಲ್ಪ ಹೊತ್ತಿಗೆ ಮತ್ತೆ ಓಡಿತು. ತಲೆ ಹಿಡಿದುಕೊಂಡು ಕೂತಳು.

"ಏನಾಯ್ತೇ?" ಎಂದಳು ಅತ್ತೆ. ಅವಳ ಕಿವಿಗೆ ಮನೆಯಲ್ಲಿ ಎಲ್ಲವೂ ಕಾಣಿಸುತ್ತಿತ್ತು.

ಹೇಳದೆ ಇರಬಹುದಿತ್ತು. ಅಂಗಿ ಕಳೆದುಹೋಯಿತು ಎಂದು ಸುಳ್ಳು ಹೇಳಬಹುದಿತ್ತು. ಆದರೆ ಈ ಮನೆಯಲ್ಲಿ ಒಂದು ಸುಳ್ಳು ಆಗಲೇ ಮೂರು ದಿನದಿಂದ ತಟ್ಟೆಗೆ ಬೀಳುತ್ತಿತ್ತು.

"ಅತ್ತೆ, ಅದು ಉಸಿರು ಕಟ್ಟಿಕೊಳ್ತಿತ್ತು. ಆ ಸೀಳುಗಳು ಬಿಸಿ ಹೊರಗೆ ಹೋಗೋದಕ್ಕೆ ಇರೋದು. ನಾವು ಮುಚ್ಚಿಬಿಟ್ಟಿದ್ವಿ."

ಅತ್ತೆಯ ಬೆರಳುಗಳು ಮಡಿಲಲ್ಲಿ ಇಲ್ಲದ ಬಟ್ಟೆಯ ಅಂಚನ್ನು ಹುಡುಕಿದವು.

"ನಾವು ಅನ್ಬೇಡ. ಹೊಲಿದೋಳು ನಾನು." ಆಮೇಲೆ ನಿಧಾನವಾಗಿ ಕೇಳಿದಳು, "ಹಾಗಾದ್ರೆ ಮಗೂನ ಕಳಿಸಿದ್ದು ನನ್ನ ಅಂಗೀನಾ?"

"ನಿಮ್ಮ ಅಂಗಿ ಅವಳ ಮನೆ ಅಳಿಸ್ಲಿಲ್ಲ ಅತ್ತೆ. ಅಳಿಸಿದ್ದು ನಾನು."

"ಹೌದು," ಎಂದಳು ಅತ್ತೆ. ಅಷ್ಟೇ. ಅಲ್ಲ ಅನ್ನುತ್ತಾಳೇನೋ ಎಂದು ಡಾಕ್ಟರಮ್ಮ ಕಾದಿದ್ದಳು.

ಮಗಳು ಫೋನು ಎತ್ತಲಿಲ್ಲ. ಚಿಕ್ಕಮ್ಮ ಎತ್ತಿದಳು, ಅವಳು ಅಕ್ಕನಿಗೆ ಯಾವತ್ತೂ ಸಕ್ಕರೆ ಬೆರೆಸಿ ಮಾತಾಡಿದವಳಲ್ಲ. "ಏನ್ ಕೇಳ್ತೀಯ ಅಕ್ಕ? ಕಾಲೇಜಲ್ಲಿ ಎಲ್ರಿಗೂ ಅದೇ ಕೊನೇ ವಾರ, ಕಂಪ್ಯೂಟರಿಗೆ ಸಾಲು ನಿಲ್ಬೇಕು. ಇವಳ ಸರದಿ ಬರೋಷ್ಟ್ರಲ್ಲಿ ಬಾಗಿಲು ಹಾಕ್ತಾರೆ. ಬರೋ ಸೋಮವಾರ ಕೊಡ್ಬೇಕಂತೆ. ಆಗಲ್ಲ, ಮುಂದಿನ ವರ್ಷ ನೋಡ್ಕೊಳ್ತೀನಿ ಅಂತ ಕೂತಿದಾಳೆ. ಊಟಾನೂ ಸರಿಯಾಗಿ ಮಾಡ್ತಿಲ್ಲ."

ಬರುವ ಸೋಮವಾರ. ಗುರುವಾರದಿಂದ ಹೆಚ್ಚಿನ ಫೈಲುಗಳು. ಲ್ಯಾಪ್‌ಟಾಪು ಒಂದೇ.

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಬ್ರೆಡ್ಡಿನ ತುಂಡನ್ನು ತಟ್ಟೆಯಲ್ಲೇ ಬಿಟ್ಟ.

"ಕೊಟ್ಟುಬಿಟ್ರೆ ನಿನ್ ಕೆಲಸ?"

"ಹೋಗತ್ತೆ."

"ಬಾಡಿಗೆ?"

"ಗೊತ್ತಿಲ್ಲ. ನೀವೇ ಹೇಳಿ, ಕೊಡಬಾರದಾ?"

ಅವನು ನೀರು ಕುಡಿದು ಲೋಟ ಇಟ್ಟ. "ನಾನ್ ಏನ್ ಹೇಳ್ಲಿ? ಬ್ರೆಡ್ಡಂತೂ ಬರತ್ತೆ," ಎಂದ. ನಗಬೇಕೆಂದೇ ಹೇಳಿದ್ದು, ಇಬ್ಬರಿಗೂ ನಗು ಬರಲಿಲ್ಲ.

ಗುರುವಾರ ಬೆಳಿಗ್ಗೆ ಅವಳು ಮೇಲ್ವಿಚಾರಕಿಗೆ ಫೋನು ಮಾಡಿ, ಸೋಮವಾರದವರೆಗೆ ನನ್ನ ಹತ್ತಿರ ಲ್ಯಾಪ್‌ಟಾಪು ಇರುವುದಿಲ್ಲ ಎಂದಳು. "ನೀವೇ ಹೀಗೆ ಹೇಳ್ತೀರಿ ಅಂದ್ಕೊಂಡಿರ್ಲಿಲ್ಲ. ಆಯ್ತು, ಬೇರೆಯವ್ರಿಗೆ ಕೊಡ್ತೀನಿ," ಎಂದಿತು ದನಿ. ಸೋಮವಾರ ಆದ ಮೇಲೆ ಎಂದು ಡಾಕ್ಟರಮ್ಮ ಕೇಳುವಷ್ಟರಲ್ಲಿ ಫೋನು ಕಟ್ಟಾಗಿತ್ತು. ಅವಳಿಗೆ ಅಳು ಬಂತು. ಅತ್ತಳು, ಮುಖ ತೊಳೆದಳು, ಲ್ಯಾಪ್‌ಟಾಪನ್ನು ತರಕಾರಿ ಚೀಲಕ್ಕೆ ಹಾಕಿದಳು. ಬಾಗಿಲಲ್ಲಿ ಅತ್ತೆ ಚೀಲವನ್ನು ತಡವಿ ನೋಡಿದಳು, ಒಳಗಿರುವುದು ಬರಿಮೈಯಲ್ಲಿದೆ ಎಂದು ಖಾತ್ರಿಯಾದ ಮೇಲೆ ಕೈ ತೆಗೆದಳು.

ಹೂವಿನ ಅಂಗಡಿಯ ಹಿಂಭಾಗದಲ್ಲಿ ಒಂದು ಸಣ್ಣ ಕೋಣೆ. ನೆಲದ ಮೇಲೆ ಕತ್ತರಿಸಿದ ದಂಟುಗಳು, ನೀರಿನ ಬಕೆಟ್ಟುಗಳು. ಮಗಳು ಎಲೆ ಬಿಡಿಸುತ್ತ ಕೂತಿದ್ದಳು. ತಾಯಿಯನ್ನು ನೋಡಿ ಏಳಲಿಲ್ಲ, ಕೈಯೂ ನಿಲ್ಲಿಸಲಿಲ್ಲ.

"ಅದು ನಿನ್ನಿಂದ ಆಗ್ತಿರ್ಲಿಲ್ಲ," ಎಂದಳು ಡಾಕ್ಟರಮ್ಮ ನಿಂತುಕೊಂಡೇ. "ಅಂಗಿಯಿಂದ. ಬಿಸಿ ಹೊರಗೆ ಹೋಗೋದಕ್ಕೆ ಜಾಗ ಇರ್ಲಿಲ್ಲ. ನನ್ನಿಂದ ತಪ್ಪಾಯ್ತು."

"ಗೊತ್ತಾಗಿ ಎಷ್ಟು ದಿನ ಆಯ್ತು?"

"ಅಂಗಿ ಅಂತ ನಿನ್ನೆ. ನೀನಲ್ಲ ಅಂತ..." ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದಳು. "ನೀನಲ್ಲ ಅಂತ ಸೋಮವಾರಾನೇ ಗೊತ್ತಾಯ್ತು."

ಮಗಳ ಕೈ ಈಗ ನಿಂತಿತು. "ಆಗ ಬರ್ಲಿಲ್ಲ."

"ಬರ್ಲಿಲ್ಲ."

ಡಾಕ್ಟರಮ್ಮ ಬಕೆಟ್ಟುಗಳನ್ನು ಸರಿಸಿ, ಮೇಜು ಒರೆಸಿ ಲ್ಯಾಪ್‌ಟಾಪು ಇಟ್ಟಳು. "ಸೋಮವಾರದವರೆಗೂ ನಿಂದೇ. ಹಗಲೂ ನಿಂದೇ."

"ನಿನ್ ಫೈಲುಗಳು?"

"ಬೇರೆಯವ್ರು ಮಾಡ್ತಾರೆ."

ಮಗಳು ತಾಯಿಯ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದಳು. ಕೈ ಒರೆಸಿಕೊಂಡು ಬಂದು ಕೂತು, ಮುಚ್ಚಳ ತೆಗೆದು ಗುಂಡಿ ಒತ್ತಿದಳು. ಬೀಗದ ತೆರೆ ಬಂತು.

"ಪಾಸ್‌ವರ್ಡ್ ಏನು?"

ಡಾಕ್ಟರಮ್ಮನಿಗೆ ಆಗ ನೆನಪಾಯಿತು.

"ಕೊಡಿಲ್ಲಿ, ನಾನೇ ಒತ್ತಿ ಕೊಡ್ತೀನಿ. ಬದಲಾಯಿಸಿನೂ ಕೊಡ್ತೀನಿ."

"ಯಾಕೆ? ಈಗಲೂ ನಂಗೆ ಹೇಳಬಾರದಾ?"

"ಹಾಗಲ್ಲ..."

"ಮತ್ತೆ ಹೇಳು."

ಹೊರಗೆ ಚಿಕ್ಕಮ್ಮ ಯಾರಿಗೋ ಹೂಗುಚ್ಛ ಕಟ್ಟಿಕೊಡುತ್ತಿದ್ದಳು, ಕಾಗದ ಸರಸರ ಎನ್ನುತ್ತಿತ್ತು. ಇನ್ನೊಂದು ಸುಳ್ಳು ನಾಲಿಗೆ ತುದಿಗೆ ಬಂತು. ಒತ್ತಿದರೆ ಬೀಗ ತೆಗೆಯದ ಸುಳ್ಳು.

"ಕಳ್ಳಿ," ಎಂದಳು ಡಾಕ್ಟರಮ್ಮ.

ಮಗಳು ತಿರುಗಲಿಲ್ಲ. ಮುಳ್ಳು ಗೀರಿದ ಬೆರಳುಗಳು ಕೀಲಿಮಣೆಯ ಮೇಲೆ ಸ್ವಲ್ಪ ಹೊತ್ತು ಹಾಗೇ ಇದ್ದವು. ಆಮೇಲೆ ಒಂದೊಂದೇ ಅಕ್ಷರ ಒತ್ತತೊಡಗಿದಳು. ಇಷ್ಟು ದಿನ ಬೇಗ ಓಡಲಿ, ಬೇಗ ಓಡಲಿ ಎಂದು ಹಲುಬಿದ್ದ ತಾಯಿ, ಈ ಒಂದು ಸಲ ಅದು ಸಿಕ್ಕಿಹಾಕಿಕೊಳ್ಳಲಿ, ತೆರೆದುಕೊಳ್ಳದೇ ಇರಲಿ ಎಂದು ಬೇಡಿಕೊಂಡಳು. ಆದರೆ ಅದಕ್ಕೀಗ ಅಂಗಿ ಇರಲಿಲ್ಲ. ಕೊನೆಯ ಅಕ್ಷರ ಬಿದ್ದಿದ್ದೇ ತಡ, ಬೀಗ ಬಿಟ್ಟಿತು.